ಟರ್ಕಿ ಕೋಳಿ ಎಳೆದ ರಸ್ತೆ

ತೆಕ್ಲಾ ಅಜ್ಜಿಯ ಟರ್ಕಿ ಕೋಳಿಯನ್ನು ಕಟ್ಟಲು ಒಂದು ಗೂಟ ಬೇಕಾಗಿತ್ತು. ತನ್ನ ಪಾಡಿಗೆಲ್ಲ ಆ ಗೂಟವೇ ಮೂಲವೆಂದು ರುಫಿನೊ ಅಂದು ಸಂಜೆ ನಾಲ್ಕು ಗಂಟೆಯವರೆಗೂ ನಂಬಿದ್ದ.

ರುಫಿನೊ ಸಿವಿಲ್ ಇಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿ, ಓಹಾಕಾ ನಗರದವನು. ಆರು ತಿಂಗಳ ತರಬೇತಿಗೆಂದು ಕಾಲೇಜಿನವರು ಅವನನ್ನು ಬೆಟ್ಟದ ಮೇಲಿನ ಸಾಂತಾ ಬ್ರಿಹಿದಾ ಎಂಬ ಊರಿಗೆ ಅಟ್ಟಿದ್ದರು. ಹೆದ್ದಾರಿಯಿಂದ ಊರಿನವರೆಗೆ ಎರಡು ಕಿಲೋಮೀಟರ್ ಕಾಂಕ್ರೀಟು ರಸ್ತೆಯ ಕೆಲಸ. ಸರಕಾರ ಸಿಮೆಂಟು ಕೊಡುತ್ತದೆ, ಊರವರು ಮೈ ಬಗ್ಗಿಸುತ್ತಾರೆ. ನಿಜವಾದ ಇಂಜಿನಿಯರು ಬಂದದ್ದು ಎರಡೇ ಸಲ; ಒಮ್ಮೆ ಫೋಟೋ ತೆಗೆಸಿಕೊಳ್ಳಲು, ಇನ್ನೊಮ್ಮೆ ಆಡಿನ ಮಾಂಸ ತಿನ್ನಲು. ಹೀಗಾಗಿ ಇಂಜಿನಿಯರ್ ಪಟ್ಟ ರುಫಿನೊನ ತಲೆಗೇ ಬಂತು.

"ನಾನಿನ್ನೂ ವಿದ್ಯಾರ್ಥಿ ಕಣ್ರೀ," ಎಂದು ಅವನು ಮೊದಲ ವಾರವೇ ಹೇಳಿ ನೋಡಿದ್ದ.

"ಇರ್ಲಿ ಬಿಡಿ ಇಂಜಿನಿಯರ್ರೇ," ಎಂದಿದ್ದರು ಮೇಸ್ತ್ರಿ ಅನ್ಸೆಲ್ಮೊ. "ಕರು ಹಸು ಆಗೋದು ಯಾರನ್ನಾದ್ರೂ ಕೇಳ್ಕೊಂಡಾ?"

ಆದರೆ ಆ ಗೌರವ ಹೆಸರಿಗೆ ಮಾತ್ರ. ಕೆಲಸದ ವಿಷಯದಲ್ಲಿ ಮೂವತ್ತು ಗಂಡಸರೂ ಅವನ ಮೈಮೇಲೆ ಬೀಳುತ್ತಿದ್ದರು. ಹಲಗೆ ಅರ್ಧ ಬೆರಳು ಆಚೀಚೆಯಾದರೂ ಸಾಕು, "ಏನ್ರೀ ಇಂಜಿನಿಯರ್ರೇ, ಕಣ್ಣು ನಗರದಲ್ಲೇ ಬಿಟ್ಟು ಬಂದ್ರಾ?" ಎಂದು ಕೂಗುತ್ತಿದ್ದರು. ಅದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಅಂದು ಡಿಸೆಂಬರಿನ ಒಂದು ಗುರುವಾರ, ತರಬೇತಿಯ ಕೊನೆಯ ದಿನ. ಊರಕಚೇರಿಯ ಮೆಟ್ಟಿಲಿಗೆ ಮುಟ್ಟಲು ಹತ್ತೇ ಮೀಟರ್ ರಸ್ತೆ ಬಾಕಿ. ಅದು ಮುಗಿದರೆ ಊರ ಮುಖ್ಯಸ್ಥ ದೋನ್ ಕ್ರೆಸೆನ್ಸಿಯೊ ತರಬೇತಿ ಮುಗಿದ ಪತ್ರಕ್ಕೆ ಮುದ್ರೆ ಒತ್ತುತ್ತಾರೆ. ಪತ್ರ ಶುಕ್ರವಾರ ಬೆಳಗ್ಗೆ ಹತ್ತಕ್ಕೆ ಕಾಲೇಜಿನ ಮೇಜಿನ ಮೇಲಿರಬೇಕು. ಇಲ್ಲದಿದ್ದರೆ ಪದವಿ ಒಂದು ವರ್ಷ ಮುಂದಕ್ಕೆ, ಜನವರಿ ಎರಡಕ್ಕೆ ಪ್ವೆಬ್ಲಾ ನಗರದಲ್ಲಿ ಕಾದಿದ್ದ, ಏಸಿ ಹಾಕಿದ ತಣ್ಣನೆಯ ಕೋಣೆಯ ಕೆಲಸ ಬೇರೆಯವರ ಪಾಲಿಗೆ. ಕೆಳಗಿಳಿಯುವ ವ್ಯಾನು ವಾರಕ್ಕೆ ಎರಡೇ ಸಲ. ಗುರುವಾರದ್ದು ಹೊರಡುವುದು ನಾಲ್ಕಕ್ಕೆ.

ಹಿಂದಿನ ದಿನ ರುಫಿನೊ ತನ್ನ ವರದಿಗೆ ರಟ್ಟು ಹಾಕಿಸಲು ಸಿಮೆಂಟು ಲಾರಿ ಹತ್ತಿ ತಾಲೂಕು ಪೇಟೆಗೆ ಹೋಗಿದ್ದ. "ಕಲ್ಲು ಹಾಸಿ, ಹಲಗೆ ಕಟ್ಟಿ ಇಟ್ಟಿರ್ತೀವಿ, ನೀವು ನಿಶ್ಚಿಂತೆಯಾಗಿ ಹೋಗ್ಬನ್ನಿ," ಎಂದು ಮೇಸ್ತ್ರಿ ಎಂದೂ ಇಲ್ಲದ ಅಕ್ಕರೆಯಿಂದ ಕಳಿಸಿದ್ದರು. ಅವನು ಮರಳಿದ್ದು ನಡುರಾತ್ರಿಯ ಕತ್ತಲಲ್ಲಿ. ಬೆಳಗ್ಗೆ ಆರಕ್ಕೆ ನೋಡಿದರೆ ಊರಿಗೆ ಊರೇ ಮಂಜಿನಲ್ಲಿ ಮುಳುಗಿತ್ತು. ಚಾಚಿದ ಕೈ ಕಾಣದು. ಆದರೆ ರಸ್ತೆಯ ಅಂಚು ತೋರಿಸಲು ಗೂಟದಿಂದ ಗೂಟಕ್ಕೆ ಕಟ್ಟಿದ ಕೆಂಪು ದಾರ ಬಿಗಿಯಾಗಿತ್ತು, ಹಲಗೆ ದಾರದ ಗುಂಟ ಇತ್ತು. ರುಫಿನೊ ದಾರವನ್ನು ನಂಬಿದ.

ಕಲಸುವ ಯಂತ್ರ ಗರಗರ ತಿರುಗಿತು. ಬಾಂಡಲಿ ಕೈಯಿಂದ ಕೈಗೆ ದಾಟಿತು. ಒಂಬತ್ತೂವರೆಗೆ ಹತ್ತು ಮೀಟರೂ ತುಂಬಿ, ಮೇಸ್ತ್ರಿ ಕರಣೆಯಿಂದ ಮೇಲೆ ಕೊನೆಯ ಸಲ ಸವರಿದರು. ಆಗ ಮಂಜು ಸರಿಯಿತು.

ರಸ್ತೆ ಊರಕಚೇರಿಯ ಕಡೆಗೆ ಹೋಗಿರಲಿಲ್ಲ. ಎಡಕ್ಕೆ ಬಳುಕಿ, ತೆಕ್ಲಾ ಅಜ್ಜಿಯ ಅಡುಗೆಮನೆ ಬಾಗಿಲ ಮುಂದೆ ಹೋಗಿ, ಊಟಕ್ಕೆ ಕರೆಸಿಕೊಂಡ ನೆಂಟನ ಹಾಗೆ ನಿಂತಿತ್ತು.

ರುಫಿನೊ ರಸ್ತೆಯ ಕೊನೆಯ ತನಕ ಓಡಿದ. ಅದೇ ಮನೆಯ ಹಿಂದಿನ ಕೋಣೆಯಲ್ಲಿ ಅವನು ಆರು ತಿಂಗಳಿಂದ ಬಿಡಾರ ಮಾಡಿದ್ದ. ನೋಡಿದವರು ಏನಂದಾರು?

"ಅಜ್ಜೀ! ಇಲ್ಲಿ ಕೊನೇ ಗೂಟ ಯಾರು ಮುಟ್ಟಿದ್ದು?"

ತೆಕ್ಲಾ ಅಜ್ಜಿ ಕೈಯಲ್ಲಿದ್ದ ಜೋಳದ ಹಿಟ್ಟು ಒರೆಸಿಕೊಳ್ಳುತ್ತ ಬಂದಳು. "ಗೂಟನಾ? ನಾನೇ ಕಿತ್ತೆ ಮಗ. ನಿನ್ನೆ ಟರ್ಕಿ ಕಟ್ಟೋದಕ್ಕೆ ಬೇಕಿತ್ತು. ಆಮೇಲೆ ವಾಪಸ್ ನೆಟ್ಟೆನಲ್ಲ, ನಾನೇನು ಕದ್ದೆನಾ?"

"ಇದ್ದ ಜಾಗದಲ್ಲೇ ನೆಟ್ರಾ?"

"ಅಲ್ಲೇ ಹತ್ತಿರದಲ್ಲಿ."

"ಎಷ್ಟು ಹತ್ತಿರ?"

ಅಜ್ಜಿ ರಸ್ತೆಯತ್ತ ನೋಡಿದಳು, ಕಚೇರಿಯತ್ತ ನೋಡಿದಳು. "ನನ್ನ ಕಣ್ಣಿಗೆ ಹತ್ತಿರಾನೇ ಕಂಡಿತು," ಎಂದಳು.

ರುಫಿನೊ ಸಲಿಕೆ ಎತ್ತಿದ. ಹಸಿ ಇರುವಾಗಲೇ ಎತ್ತಿ ಹಾಕಿದರೆ ಮಧ್ಯಾಹ್ನದೊಳಗೆ ಸರಿ ಮಾಡಬಹುದು. ಮೇಸ್ತ್ರಿ ಅನ್ಸೆಲ್ಮೊ ಆ ಸಲಿಕೆಯನ್ನು ಮೆಲ್ಲನೆ ಇಸಿದುಕೊಂಡರು.

"ರಸ್ತೆ ಊರಿಂದು. ಸಭೆ ಸೇರದೆ ಒಂದು ಬೊಗಸೆನೂ ಎತ್ತೋ ಹಾಗಿಲ್ಲ."

"ಮೇಸ್ತ್ರೀ, ಕಾಂಕ್ರೀಟು ಸಭೆಗೆ ಕಾಯಲ್ಲ!"

"ಸಭೆನೂ ಕಾಂಕ್ರೀಟಿಗೆ ಕಾಯಲ್ಲ," ಎಂದರು ಮೇಸ್ತ್ರಿ, ಶಾಂತವಾಗಿ.

ಅಷ್ಟರಲ್ಲಿ ಕಚೇರಿಯ ಮೇಲಿನ ಧ್ವನಿವರ್ಧಕ ಕೆಮ್ಮಿತು. ಊರಿನ ಸುದ್ದಿಯೆಲ್ಲ ಅದರ ಬಾಯಿಂದಲೇ. ಕಾರ್ಯದರ್ಶಿ ಹಸಿಂತಾಳ ದನಿ ಬೆಟ್ಟದ ಆಚೆಗೂ ಕೇಳುವಂತೆ ಮೊಳಗಿತು: "ಊರವರೇ ಗಮನಿಸಿ. ನಮ್ಮ ಇಂಜಿನಿಯರ್ರು ರಸ್ತೆನ ತೆಕ್ಲಾ ಅಜ್ಜಿ ಅಡುಗೆಮನೆಗೆ ಕರ್ಕೊಂಡು ಹೋಗಿದ್ದಾರೆ. ಎಲ್ಲರೂ ಕೂಡಲೇ ಸಭೆಗೆ ಬರಬೇಕು. ಬರದವರಿಗೆ ಒಂದು ದಿನದ ಕೆಲಸದ ದಂಡ. ಇನ್ನೊಂದು ವಿಷಯ, ದೋನ್ ಫಾಬಿಯಾನ್ ಮನೇಲಿ ಇವತ್ತು ಹಂದಿಮಾಂಸ ಸಿಗುತ್ತೆ."

ರುಫಿನೊಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ಆ ಭೂಮಿಗೆ ತಾನೇ ಆಗಷ್ಟೆ ಕಾಂಕ್ರೀಟು ಹಾಕಿದ್ದ.

ಸಭೆ ತಕ್ಷಣ ಶುರುವಾಗಲಿಲ್ಲ. ಕೊನೆಯ ದಿನದ ಊಟ ಮೊದಲೇ ಗೊತ್ತಾಗಿತ್ತು. ಕಪ್ಪು ಮೋಲೆ ಸಾರು, ಅದರಲ್ಲಿ ದೊಡ್ಡ ದೊಡ್ಡ ತುಂಡು. ಊಟ ಬೇಡ ಎನ್ನುವುದು ಆ ಊರಿನಲ್ಲಿ ಬೈಗುಳಕ್ಕಿಂತ ಕೀಳು. ರುಫಿನೊ ಗಡಿಯಾರ ನೋಡುತ್ತ ಒಂದು ತುಂಡು ಬಾಯಿಗಿಟ್ಟ. ಹಾಳಾದ್ದು, ಬಹಳ ಚೆನ್ನಾಗಿತ್ತು.

"ಅಜ್ಜೀ, ಇದು ಯಾವ ಮಾಂಸ?"

"ಅದೇ ಟರ್ಕಿ ಮಗ."

ಸಾಕ್ಷಿಯನ್ನೇ ಬೇಯಿಸಿ ತನ್ನ ತಟ್ಟೆಗೆ ಬಡಿಸಿದ್ದರು. ಅವನು ಎರಡನೇ ಸಲವೂ ಹಾಕಿಸಿಕೊಂಡ.

ಹನ್ನೊಂದೂವರೆಗೆ ಸಭೆ ಕೂತಿತು. ಅಲ್ಲಿಯ ಸಭೆಯಲ್ಲಿ ಎಲ್ಲರೂ ಮಾತಾಡಬೇಕು, ಎಲ್ಲರೂ ಒಪ್ಪುವವರೆಗೆ ಯಾರೂ ಏಳಬಾರದು. ಮೊದಲು ಎದ್ದ ಮುದುಕ ತನ್ನ ಅಜ್ಜನ ಹೇಸರಗತ್ತೆ ಯಾವ ದಾರಿಯಲ್ಲಿ ಬರುತ್ತಿತ್ತು ಎಂಬಲ್ಲಿಂದ ಹಿಡಿದು, ಆ ಹೇಸರಗತ್ತೆ ಸಾಯುವವರೆಗೆ ಮಾತಾಡಿದ. ರುಫಿನೊ ಹೊರಗೆ ಓಡಿ ಕಾಂಕ್ರೀಟಿಗೆ ಹೆಬ್ಬೆರಳು ಒತ್ತಿ ನೋಡಿದ. ಒಳಕ್ಕೆ ಇಳಿಯಿತು.

"ರಸ್ತೆ ಅಲ್ಲೇ ಇರ್ಲಿ, ಕಚೇರಿನೇ ಅಜ್ಜಿ ಅಡುಗೆಮನೆಗೆ ವರ್ಗ ಮಾಡೋಣ. ಕಚೇರಿ ಕಾಫಿಗಿಂತ ಅಜ್ಜಿ ಕಾಫಿ ವಾಸಿ," ಎಂದ ಒಬ್ಬ. ಅದರ ಮೇಲೆ ಮುಕ್ಕಾಲು ಗಂಟೆ ಗಂಭೀರ ಚರ್ಚೆ ನಡೆಯಿತು. ರುಫಿನೊ ಮತ್ತೆ ಹೊರಗೆ ಓಡಿದ. ಈ ಸಲ ಬೆರಳಿನ ಗುರುತಷ್ಟೇ ಬಿತ್ತು.

"ಅಜ್ಜಿಗೆ ಇಷ್ಟು ದೊಡ್ಡ ರಸ್ತೆ ಯಾಕೆ? ಅವಳ ಹತ್ತಿರ ಒಂದು ಕೈಗಾಡಿನೂ ಇಲ್ಲ," ಎಂದಳು ಪಕ್ಕದ ಮನೆಯಾಕೆ.

"ನಿನ್ನ ಹತ್ತಿರ ಬುದ್ಧಿ ಇಲ್ಲ, ಆದ್ರೂ ತಲೆ ಇದೆಯಲ್ಲ," ಎಂದಳು ಅಜ್ಜಿ.

ಅವರಿಬ್ಬರನ್ನು ಬಿಡಿಸುವಷ್ಟರಲ್ಲಿ ಎರಡೂವರೆ. ರುಫಿನೊ ಓಡಿಹೋಗಿ ಉಗುರಿನಿಂದ ಗೀರಿದ. ಉಗುರು ಮುರಿಯಿತು.

ಮೂರೂ ಇಪ್ಪತ್ತಕ್ಕೆ ದೋನ್ ಕ್ರೆಸೆನ್ಸಿಯೊ ಎದ್ದು ನಿಂತರು. ಟೋಪಿ ತೆಗೆದರು. "ರಸ್ತೆ ಗಟ್ಟಿಯಾಯ್ತು, ಇನ್ನು ಮಾತು ಗಟ್ಟಿ ಮಾಡೋಣ. ರಸ್ತೆ ಅಲ್ಲೇ ಇರುತ್ತೆ. ಅಲ್ಲಿಂದ ಕಚೇರಿಗೆ ಒಂದು ತುಂಡು ಬರೋ ವರ್ಷ ಹಾಕ್ಕೊಳ್ಳೋಣ. ಒಪ್ಪಿಗೆನಾ?"

"ಒಪ್ಪಿಗೆ!"

"ಈಗ ಇಂಜಿನಿಯರ್ರ ಪತ್ರದ ವಿಷಯ."

ರುಫಿನೊ ಎದ್ದು ನಿಂತ. ಹೊರಗೆ ವ್ಯಾನಿನ ಹಾರ್ನು ಕೇಳಿಸಿತು.

"ನೋಡಿ ಇಂಜಿನಿಯರ್ರೇ," ಎಂದರು ಮುಖ್ಯಸ್ಥರು, "ಹೊರಗಿನೋರು ರಸ್ತೆ ತಪ್ಪು ಹಾಕಿದ್ರೆ ಅದು ತಪ್ಪು. ತಪ್ಪಿಗೆ ನಾನು ಊರ ಮುದ್ರೆ ಒತ್ತಕ್ಕಾಗಲ್ಲ. ಆದ್ರೆ ನಮ್ಮೋರು ತಪ್ಪು ಮಾಡಿದ್ರೆ ಹೊಟ್ಟೇಲಿ ಹಾಕ್ಕೋತೀವಿ. ನೀವೇ ಹೇಳಿ. ನೀವು ಹೊರಗಿನೋರಾ, ನಮ್ಮೋರಾ?"

ಹಾರ್ನು ಮತ್ತೆ ಕೇಳಿಸಿತು. ರುಫಿನೊನ ಕಣ್ಣ ಮುಂದೆ ಕಾಲೇಜಿನ ಮೇಜು, ಪ್ವೆಬ್ಲಾದ ತಣ್ಣನೆಯ ಕೋಣೆ ಎರಡೂ ಸುಳಿದವು.

"ನಿಮ್ಮೋನೇ!" ಎಂದು ಗಂಟಲು ಹರಿಯುವಂತೆ ಕೂಗಿದ. "ನಾನು ನಿಮ್ಮೋನೇ ದೋನ್ ಕ್ರೆಸೆನ್ಸಿಯೊ! ಆರು ತಿಂಗಳಿಂದ ನಿಮ್ಮೋನೇ!"

"ಇವರನ್ನ ಊರವರು ಅಂತ ಬರ್ಕೊಳ್ಳೋದಕ್ಕೆ ಯಾರ್ಯಾರ ಒಪ್ಪಿಗೆ ಇದೆ?"

ಇನ್ನೂರು ಕೈ ಒಂದೇ ಸಲ ಮೇಲೆದ್ದವು. ಆರು ತಿಂಗಳಲ್ಲಿ ಆ ಊರಿನವರು ಒಂದು ಗಂಟೆಯೊಳಗೆ ಯಾವುದನ್ನೂ ಒಪ್ಪಿದ್ದನ್ನು ಅವನು ನೋಡಿರಲಿಲ್ಲ. ಅದನ್ನು ಯೋಚಿಸಲು ಪುರುಸೊತ್ತಿರಲಿಲ್ಲ. ಹಸಿಂತಾ ದೊಡ್ಡ ಪುಸ್ತಕ ತೆರೆದು ತೋರಿಸಿದ ಕಡೆ ಸಹಿ ಹಾಕಿದ. ಮುಖ್ಯಸ್ಥರು ಮುದ್ರೆಗೆ 'ಹಾ' ಎಂದು ಬಿಸಿ ಉಸಿರು ಊದಿ, ಧಡಕ್ಕನೆ ಒತ್ತಿ, ಕಾಗದ ಮಡಚಿ ಲಕೋಟೆಗೆ ಹಾಕಿಕೊಟ್ಟರು. ಎಲ್ಲರೂ ಅವನನ್ನು ತಬ್ಬಿಕೊಂಡರು. ಮೇಸ್ತ್ರಿಯ ಕಣ್ಣಲ್ಲಿ ನೀರೇ ಬಂತು. ಅಜ್ಜಿ ಬಿಸಿ ಟೊರ್ಟಿಯಾ ರೊಟ್ಟಿಯ ಗಂಟೊಂದನ್ನು ಅವನ ಕಂಕುಳಿಗೆ ತುರುಕಿದಳು.

"ಕೋಣೆ ಹಾಗೇ ಇರುತ್ತೆ ಮಗ," ಎಂದಳು. ಮುದುಕರ ಪ್ರೀತಿ ಹೀಗೆಯೇ ಎಂದುಕೊಂಡ ಅವನ ಕಣ್ಣೂ ಒದ್ದೆಯಾಯಿತು.

ನಾಲ್ಕಕ್ಕೆ ಸರಿಯಾಗಿ ವ್ಯಾನು ಹೊರಟಿತು. ಹೊಸ ರಸ್ತೆಯ ಮೇಲೆ ಒಂದು ಕುಲುಕೂ ಇಲ್ಲ. ಇದನ್ನು ನಾನೇ ಹಾಕಿಸಿದ್ದು ಎಂದು ರುಫಿನೊಗೆ ನಿಜಕ್ಕೂ ಹೆಮ್ಮೆಯಾಯಿತು. ಡ್ರೈವರ್ ಮಕಾರಿಯೊನ ಪಕ್ಕ ಕಾಲು ಚಾಚಿ ಕೂತು ಲಕೋಟೆ ತೆರೆದ. ಪತ್ರ ಮುತ್ತಿನಂತಿತ್ತು. 'ತರಬೇತಿಯನ್ನು ಶ್ರದ್ಧೆಯಿಂದ ಮುಗಿಸಿದ್ದಾರೆ.' ಆದರೆ ಮುದ್ರೆ ಮಾತ್ರ ಅರ್ಧವೇ ಇತ್ತು. ಅರ್ಧ ಚಂದ್ರನ ಹಾಗೆ ಕಾಗದದ ಅಂಚಿನಲ್ಲಿ ನಿಂತುಹೋಗಿತ್ತು.

ಇನ್ನರ್ಧ ಅದರ ಅಂಚಿಗೆ ಅಂಟಿಸಿ ಹಿಂದಕ್ಕೆ ಮಡಚಿದ್ದ ಎರಡನೆಯ ಹಾಳೆಯ ಮೇಲಿತ್ತು. ಎರಡನ್ನೂ ಬಿಡಿಸಿದರೆ ಎರಡೂ ಕೆಲಸಕ್ಕೆ ಬಾರವು. ಎರಡನೆಯ ಹಾಳೆಯಲ್ಲಿ ಹೀಗೆ ಬರೆದಿತ್ತು: 'ಊರಿನ ರುಫಿನೊ ಅವರನ್ನು ಜನವರಿ ಒಂದರಿಂದ ಒಂದು ವರ್ಷ ರಸ್ತೆ ಸಮಿತಿಯ ಅಧ್ಯಕ್ಷರನ್ನಾಗಿ ಸಭೆ ನೇಮಿಸಿದೆ. ಕೆಲಸ, ಮೇಲಿನ ಕೇರಿಗೆ ಮೂರು ಕಿಲೋಮೀಟರ್ ರಸ್ತೆ. ಇದು ಊರಸೇವೆ, ಸಂಬಳವಿಲ್ಲ.'

"ಮಕಾರಿಯೊ, ಇದೇನಿದು?"

"ಓ, ಕೊಟ್ರಾ? ಅಭಿನಂದನೆ ಅಧ್ಯಕ್ಷರೇ!"

"ನನಗೆ ಪ್ವೆಬ್ಲಾದಲ್ಲಿ ಕೆಲಸ ಕಾದಿದೆ ಕಣಯ್ಯಾ!"

"ಊರವರಾದ ಮೇಲೆ ಊರಸೇವೆ ಬೇಡ ಅನ್ನೋ ಹಾಗಿಲ್ಲ. ನನ್ನ ತಮ್ಮ ಲಾಸ್ ಏಂಜಲೀಸಲ್ಲಿ ಹೋಟ್ಲು ನಡೆಸ್ತಿದ್ದ. ಅದನ್ನ ಮುಚ್ಚಿ ಬಂದು ಒಂದು ವರ್ಷ ಚರ್ಚಿನ ಗಂಟೆ ಹೊಡೆದ." ಮಕಾರಿಯೊ ಸೊಂಟ ಹಿಡಿದುಕೊಂಡು ನರಳಿದ. "ಅಮ್ಮಾ! ನಿನ್ನೆ ಆ ತಿರುವಿಗೆ ಕಲ್ಲು ಹೊತ್ತೂ ಹೊತ್ತೂ ಬೆನ್ನು ಬಿದ್ದೋಗಿದೆ."

ರುಫಿನೊನ ಬಾಯಿಯಲ್ಲಿದ್ದ ಟೊರ್ಟಿಯಾ ಅಲ್ಲೇ ನಿಂತಿತು.

ಕಲ್ಲು. ಕಾಂಕ್ರೀಟಿನ ಕೆಳಗೆ ಕಲ್ಲು ಹಾಸಬೇಕು, ಹತ್ತು ಮೀಟರಿಗೆ ಒಂದಿಡೀ ದಿನ ಬೇಕು. ಬೆಳಗ್ಗೆ ಮಂಜಿನಲ್ಲಿ ಕಾಂಕ್ರೀಟು ಸುರಿದದ್ದು ಹಾಸಿದ ಕಲ್ಲಿನ ಮೇಲೆ. ಅಂದರೆ ಕಲ್ಲೂ ಎಡಕ್ಕೇ ತಿರುಗಿತ್ತು. ಗೂಟ ಅಜ್ಜಿ ಕಿತ್ತಿರಬಹುದು. ಆದರೆ ಅರ್ಧ ಬೆರಳಿಗೆ ಅವನ ಮೈಮೇಲೆ ಬೀಳುತ್ತಿದ್ದ ಮೂವತ್ತು ಗಂಡಸರು, ಹಗಲು ಬೆಳಕಿನಲ್ಲಿ, ಕಚೇರಿ ಕಣ್ಣೆದುರೇ ಇರುವಾಗ, ದಿನವಿಡೀ ಅಡುಗೆಮನೆಯ ಕಡೆಗೆ ಕಲ್ಲು ಹಾಸಿದ್ದರು. ಒಬ್ಬನೂ ತುಟಿ ಪಿಟಕ್ಕೆನ್ನದೆ!

"ಎಲ್ಲರೂ ಸೇರಿ ಮಾಡಿದ್ರಾ?"

ಮಕಾರಿಯೊ ನಾಲಿಗೆ ಕಚ್ಚಿಕೊಂಡ. ಆಮೇಲೆ, ಹೇಗೂ ಆಯಿತಲ್ಲ ಎಂದು ನಕ್ಕ. "ಟರ್ಕಿ ಬಿಟ್ಟು ಎಲ್ಲರೂ. ಅದಕ್ಕೆ ಪಾಪ ಏನೂ ಗೊತ್ತಿರ್ಲಿಲ್ಲ. ಮೊನ್ನೇನೇ ಕುಯ್ದಿದ್ರು."

"ಇರ್ತೀರಾ ಅಂತ ನನ್ನನ್ನೇ ಒಂದು ಮಾತು ಕೇಳಬಹುದಿತ್ತಲ್ಲಯ್ಯಾ!"

"ಕೇಳಿದ್ರೆ ನೀವು ಇಲ್ಲ ಅಂತಿದ್ರಿ. ಇಲ್ಲ ಅಂದೋರ್ನ ಮತ್ತೆ ಕೇಳೋದು ಮರ್ಯಾದೆ ಅಲ್ಲ. ನೀವೇ ಬಾಯಿ ಬಿಟ್ಟು 'ನಿಮ್ಮೋನೇ' ಅನ್ನಬೇಕಿತ್ತು. ಅಂದ್ರಿ."

ರುಫಿನೊಗೆ ಕೆಂಡದಂಥ ಕೋಪ ಬಂತು. ವ್ಯಾನು ಎರಡು ತಿರುವು ಇಳಿಯುವವರೆಗೆ ಅದನ್ನು ಹಿಡಿದಿಟ್ಟುಕೊಳ್ಳಲು ನೋಡಿದ. ಆದರೆ ಹೊಟ್ಟೆ ತುಂಬ ಮೋಲೆ ಇತ್ತು, ಕಂಕುಳಲ್ಲಿ ಟೊರ್ಟಿಯಾ ಇನ್ನೂ ಬಿಸಿಯಾಗಿತ್ತು, ಕೋಪ ನಿಲ್ಲಲು ಒಳಗೆ ಜಾಗವೇ ಇರಲಿಲ್ಲ. ತಣ್ಣನೆಯ ಕೋಣೆಗೆ ಮನಸ್ಸಿನಲ್ಲೇ ಕೈಮುಗಿದ.

"ಹೊಸ ವರ್ಷದ ದಿನ ಮೇಲಕ್ಕೆ ವ್ಯಾನು ಎಷ್ಟು ಗಂಟೆಗೆ?"

"ಏಳಕ್ಕೆ. ಈ ಸೀಟು ನಿಮಗೇ ಅಂತ ಇಟ್ಟಾಗಿದೆ."

ಸ್ವಲ್ಪ ದೂರ ಹೋದ ಮೇಲೆ ರುಫಿನೊ ಮತ್ತೆ ಬಾಯಿ ಬಿಟ್ಟ. "ಎಲ್ಲ ಸರಿ, ತಪ್ಪು ಬೇಕಿತ್ತು ಅಂದ್ರೆ ಯಾವ ಕಡೆಗಾದ್ರೂ ತಿರುಗಿಸಬಹುದಿತ್ತು. ರಸ್ತೆನ ಅಜ್ಜಿ ಮನೆಗೇ ಯಾಕೆ ಒಯ್ದ್ರಿ?"

ಮಕಾರಿಯೊ ಅವನತ್ತ ತಿರುಗಿ, ಇಷ್ಟು ಓದಿದವನಿಗೆ ಇದೂ ತಿಳಿಯದೇ ಎಂಬಂತೆ ನೋಡಿದ.

"ನೀವು ಇರೋದು ಅಲ್ಲೇ ತಾನೇ? ರಸ್ತೆ ಸಮಿತಿ ಅಧ್ಯಕ್ಷರು ದಿನಾ ಬೆಳಗ್ಗೆ ಕೆಸರು ತುಳ್ಕೊಂಡು ಕೆಲಸಕ್ಕೆ ಹೋದ್ರೆ ಊರಿಗೇ ಅವಮಾನ ಅಲ್ವಾ?"