ಪೆಟ್ರೋಲು, ಡೀಸೆಲು ಮತ್ತು ಆಯಿಯ ಹೊಟ್ಟೆ

ಹೊಸ ಕಾರು ಕೊಂಡವನ ಕೈಕುಲುಕಿ ಜನ ಸುಮ್ಮನಾಗುತ್ತಾರೆ. ಹಳೆ ಕಾರು ಕೊಳ್ಳುವವನಿಗೆ ಆ ಸುಖವಿಲ್ಲ. ಅವನಿಗೆ ಬುದ್ಧಿ ಹೇಳುವ ಹಕ್ಕು ಊರಿಗೆಲ್ಲ ಇದೆ. ಸ್ವಂತ ಕಾರಿಲ್ಲದವರಿಗೆ ತುಸು ಹೆಚ್ಚೇ ಇದೆ. ನಾನು ಹೊನ್ನಾವರದ ಕಾಲೇಜೊಂದರ ಕಚೇರಿಯಲ್ಲಿ ಗುಮಾಸ್ತ, ಕಾಯ್ಕಿಣಿಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುವವನು. ಹಳೆ ಕಾರು ನೋಡುತ್ತಿದ್ದೇನೆ ಎಂದು ಒಮ್ಮೆ ಬಾಯಿ ಜಾರಿದ್ದೇ ತಡ, ಮಧ್ಯಾಹ್ನ ಡಬ್ಬಿ ಬಿಚ್ಚುವ ಹೊತ್ತಿಗೆ ಕಚೇರಿಯಲ್ಲಿ ಎರಡು ಪಕ್ಷವಾಗತೊಡಗಿತು. ಪೆಟ್ರೋಲಿನವರ ಪ್ರಕಾರ ಹಳೆ ಡೀಸೆಲ್ ಕಾರು ಎಂದರೆ ಮನೆಯಲ್ಲೊಂದು ಅಕ್ಕಿ ಗಿರಣಿ ಇಟ್ಟುಕೊಂಡಂತೆ. ಡೀಸೆಲಿನವರ ಪ್ರಕಾರ ಪೆಟ್ರೋಲು ಗಾಡಿ ಘಟ್ಟ ಕಂಡರೆ ಹಿಂದಕ್ಕೆ ಬರುತ್ತದೆ. ನಾನು ಘಟ್ಟ ಹತ್ತುವವನೇ ಅಲ್ಲ ಎಂದರೂ ಯಾರೂ ಕೇಳಿಸಿಕೊಳ್ಳಲಿಲ್ಲ.

ನಿಜವಾಗಿ ಕಾರು ಬೇಕಾಗಿದ್ದದ್ದು ನನ್ನ ತಾಯಿಗೆ. ಆಯಿಯ ತಂಗಿ, ನಮ್ಮ ಚಿಕ್ಕಮ್ಮ, ಇರುವುದು ಕುಮಟಾದಾಚೆಯ ಹಿರೇಗುತ್ತಿಯಲ್ಲಿ. ಆಕೆ ಅಂಗಳದಲ್ಲಿ ಜಾರಿ ಸೊಂಟ ಮುರಿದುಕೊಂಡು ಮಂಚ ಹಿಡಿದಿದ್ದಳು. ಆಯಿಗೋ ಬಸ್ಸು ಹತ್ತಿದರೆ ಹೊಟ್ಟೆ ತೊಳೆಸುತ್ತದೆ. ಹೀಗಾಗಿ ಅಕ್ಕ ತಂಗಿ ಮುಖ ನೋಡದೆ ಬಹಳ ದಿನವಾಗಿತ್ತು. ಅದಕ್ಕಿಂತ ದೊಡ್ಡ ತೊಂದರೆ ಹಾಡಿನದು. ಮದುಮಗಳಿಗೆ ಎಣ್ಣೆ ಹಚ್ಚುವ ಒಂದು ಉದ್ದದ ಹಾಡು ಇವರಿಬ್ಬರಿಗೆ ಅರ್ಧರ್ಧ ಬರುತ್ತದೆ. ಒಬ್ಬಳು ಒಂದು ಸೊಲ್ಲು ಹೇಳಿದರೆ ಮುಂದಿನದು ಇನ್ನೊಬ್ಬಳಿಗೆ ಮಾತ್ರ ಗೊತ್ತು. ಫೋನಿನಲ್ಲಿ ಹೇಳಲು ಹೋದರೆ ಒಬ್ಬರ ಸೊಲ್ಲಿನ ಮೇಲೆ ಇನ್ನೊಬ್ಬರ ಸೊಲ್ಲು ಬಿದ್ದು, ಕಡೆಗೆ ಇಬ್ಬರೂ ಸಿಟ್ಟಾಗಿ ಫೋನಿಡುತ್ತಿದ್ದರು. "ಅವಳು ಮುದುಕಿ ಆತು, ಮರೀತಾಳೆ. ನಂಗೆ ಅರ್ಧ ಹಾಡು ಇಟ್ಕಂಡು ಎಂತ ಮಾಡುದು?" ಎಂದು ಆಯಿ ಒಂದು ದಿನ ಕೇಳಿದಳು. ನಾನು ಕಾರು ಹುಡುಕಲು ಹೊರಟೆ.

ಮೊದಲು ಕಂಡದ್ದು ಭಟ್ಕಳದ ಬಟ್ಟೆ ಅಂಗಡಿಯ ಸಾಹೇಬರ ಪೆಟ್ರೋಲು ಕಾರು. ಬಸ್ಸಿನಲ್ಲಿ ಆಯಿಯನ್ನು ಕಾಡುವುದು ಡೀಸೆಲ್ ವಾಸನೆಯೇ ಎಂದು ನಾನು ತೀರ್ಮಾನಿಸಿದ್ದರಿಂದ ಮನಸ್ಸು ಅತ್ತಲೇ ವಾಲಿತ್ತು. ತಾಯಿಯನ್ನು ಕೂರಿಸಿ ಒಮ್ಮೆ ಓಡಿಸಿ ನೋಡುತ್ತೇನೆ ಎಂದಾಗ ಸಾಹೇಬರು ಕೂಡಲೇ ಕೀಲಿ ಕೊಟ್ಟರು. ಆಯಿ ಮೂಗಿಗೆ ನಿಂಬೆಹಣ್ಣು ಹಿಡಿದು ಮುಂದೆ ಕೂತಳು, ನನ್ನ ಹೆಂಡತಿ ಸುಮನಾ ಹಿಂದೆ. ಶರಾವತಿ ಸೇತುವೆ ಇನ್ನೂ ಕಣ್ಣಿಗೆ ಬಿದ್ದಿರಲಿಲ್ಲ, ನಿಂಬೆಹಣ್ಣು ಸೋತಿತು. ಕಾರನ್ನು ತೊಳೆದು, ಒರೆಸಿ, ಊದುಬತ್ತಿ ತೋರಿಸಿ ಸಾಹೇಬರಿಗೆ ಒಪ್ಪಿಸಿದೆ. ಅವರು ಬಾಗಿಲು ತೆರೆದು ಒಂದು ಉಸಿರು ಎಳೆದುಕೊಂಡು, ತಮ್ಮ ಮಕ್ಕಳೂ ಹೀಗೇ ಮಾಡುತ್ತಿದ್ದರು, ಕಾರಿಗೆ ಅಭ್ಯಾಸವಿದೆ ಎಂದು ಸಮಾಧಾನ ಹೇಳಿದರು.

ಸುದ್ದಿ ತಿಳಿದು ಕಚೇರಿಯ ಡೀಸೆಲ್ ಪಕ್ಷಕ್ಕೆ ಹಬ್ಬವಾಯಿತು. ಪೆಟ್ರೋಲು ಗಾಡಿ ಹಗುರ, ಮೇಕೆಯ ಹಾಗೆ ಹಾರುತ್ತದೆ; ಡೀಸೆಲ್ ಗಾಡಿ ಎಮ್ಮೆಯ ಹಾಗೆ ನೆಲ ಕಚ್ಚಿ ನಡೆಯುತ್ತದೆ, ಹೊಟ್ಟೆಗೆ ಗೊತ್ತೇ ಆಗುವುದಿಲ್ಲ ಎಂದರು. ಒಂದು ಭಾನುವಾರ ನಾನೂ ಸುಮನಾಳೂ ಕುಮಟಾಕ್ಕೆ ಹೋಗಿ ನಿವೃತ್ತ ಮೇಷ್ಟ್ರೊಬ್ಬರ ಡೀಸೆಲ್ ಕಾರನ್ನು ಪರೀಕ್ಷೆಗೆಂದು ತಂದೆವು. ಈ ಸಲ ನೇರ ಹಿರೇಗುತ್ತಿಗೇ ಎಂದೆ. ಆಯಿ ಹೊಸ ಸೀರೆ ಉಟ್ಟಳು, ತಂಗಿಗೆಂದು ಬಸಳೆ ಕಟ್ಟಿಕೊಂಡಳು. ಮಂಕಿ ದಾಟುವ ಮೊದಲೇ ಎಮ್ಮೆಯೂ ಸೋತಿತು. ಅದರಲ್ಲಿ ಅರ್ಧ ನನ್ನ ಅಂಗಿಗೂ ಬಂತು. "ತಿರುಗ್ಸು ಮಗಾ. ಈ ಜನ್ಮಕ್ಕೆ ಸಾಕು," ಎಂದು ಆಯಿ ಕಣ್ಣು ಮುಚ್ಚಿಕೊಂಡಳು. ನಾನು ರಸ್ತೆ ಬದಿಗೆ ಕಾರು ನಿಲ್ಲಿಸಿದೆ.

ಒಂದು ಹೋಟೆಲಿನ ನಲ್ಲಿಯಲ್ಲಿ ಅಂಗಿ ಹಿಂಡಿಕೊಂಡು ಬರುವಷ್ಟರಲ್ಲಿ ಸುಮನಾ ಚಾಲಕನ ಸೀಟಿನಲ್ಲಿ ಕೂತಿದ್ದಳು. ಮದುವೆಗೆ ಮೊದಲೇ ಲೈಸೆನ್ಸ್ ಮಾಡಿಸಿಕೊಂಡವಳು. ಕಾರೇ ಇಲ್ಲದ ಮನೆಗೆ ಬಂದದ್ದರಿಂದ ಅದನ್ನು ಪೆಟ್ಟಿಗೆಯಲ್ಲಿಟ್ಟಿದ್ದಳು. ನಾನು ಒದ್ದೆ ಅಂಗಿಯಲ್ಲಿ ಹಿಂದೆ ಕೂತೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಆಯಿಯ ತಲೆ ವಾಲಿತು. ಗಾಬರಿಯಿಂದ ಬಗ್ಗಿ ನೋಡಿದರೆ ಗೊರಕೆ. ಕಾಯ್ಕಿಣಿಗೆ ಮರಳಿ ನಮ್ಮ ಅಂಗಳದಲ್ಲಿ ಕಾರು ನಿಂತಾಗ ಆಕೆಯನ್ನು ಎಬ್ಬಿಸಬೇಕಾಯಿತು.

ಸಂಜೆ ಜಗಲಿಯಲ್ಲಿ ಇದರ ಕಾರಣವನ್ನು ಸುಮನಾಳಿಗೆ ವಿವರಿಸಿದೆ. ಡೀಸೆಲ್ ಎಂಜಿನ್ ಬಿಸಿಯಾಗಲು ಹೊತ್ತು ಬೇಕು, ಒಮ್ಮೆ ಬಿಸಿಯಾದರೆ ಕುಲುಕುವುದಿಲ್ಲ, ಆದ್ದರಿಂದಲೇ ಬರುವಾಗ ಆಯಿಗೆ ನಿದ್ದೆ ಬಂತು, ಡೀಸೆಲ್ಲೇ ಸರಿ ಎಂದೆ. ಬಸಳೆ ಸೋಸುತ್ತಿದ್ದ ಆಯಿ ತಲೆ ಎತ್ತದೆ ಹೇಳಿದಳು: "ಎಣ್ಣೆ ಯಾವ್ದಾದ್ರೆ ಎಂತ ಮಗಾ? ಕಾಲು ನಿಂದೇ ಅಲ್ದಾ?"

ನಾನು ಡ್ರೈವಿಂಗ್ ಕಲಿತದ್ದು ಮನೆ ಕಟ್ಟುವ ಚಿರೇಕಲ್ಲು ಸಾಗಿಸುವ ಗೆಳೆಯನ ಟೆಂಪೋದಲ್ಲಿ. ಚಿರೇಕಲ್ಲಿನ ಗುಣವೇನೆಂದರೆ, ಎಷ್ಟು ಕುಲುಕಿದರೂ ಅದು ವಾಂತಿ ಮಾಡುವುದಿಲ್ಲ. ಹಾಗಾಗಿ ನನ್ನ ಬ್ರೇಕಿನ ಬಗ್ಗೆ ಅದುವರೆಗೆ ಯಾರೂ ದೂರಿದ್ದಿಲ್ಲ.

ಆಮೇಲೆ ಸುಮನಾ ಭಟ್ಕಳದ ಕಾರನ್ನೂ ಒಂದು ಸುತ್ತು ಓಡಿಸಿದಳು. "ಇದ್ರ ಕ್ಲಚ್ಚು ಹಗುರ. ಇದೇ ಆತು," ಎಂದಳು. ಕಚೇರಿಯ ಎರಡು ಪಕ್ಷ ಇಷ್ಟು ದಿನ ವಾದಿಸಿದ್ದು ಅಷ್ಟರಲ್ಲಿ ಮುಗಿಯಿತು.

ಆ ಕಾರನ್ನೇ ಕೊಂಡೆವು, ಸುಮನಾಳೇ ಓಡಿಸಿದಳು. ಹಿರೇಗುತ್ತಿಯಲ್ಲಿ ಆಯಿ ಯಾರ ಕೈಯನ್ನೂ ಹಿಡಿಯದೆ ಕಾರಿಳಿದು ಒಳಗೆ ಹೋದಳು. ಇಬ್ಬರೂ ಅಳುತ್ತಾರೆಂದು ನಾನು ಬಾಗಿಲ ಬಳಿ ಹಿಂಜರಿದು ನಿಂತೆ. ಅವರು ಅಳಲಿಲ್ಲ, ಯಾವ ಸೊಲ್ಲು ಮೊದಲು ಎಂದು ಜಗಳವಾಡಿದರು. ಆಮೇಲೆ ಆಯಿ ಮಂಚದ ಅಂಚಿನಲ್ಲಿ ಕೂತು ತಂಗಿಯ ಕಾಲು ನೀವುತ್ತ ಶುರು ಮಾಡಿದಳು, ಚಿಕ್ಕಮ್ಮ ಮಲಗಿದಲ್ಲಿಂದಲೇ ಎತ್ತಿಕೊಂಡಳು. ಹಾಡು ಎಲ್ಲೂ ತುಂಡಾಗಲಿಲ್ಲ. ಸುಮನಾ ಅದನ್ನು ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡಳು.

ಈಗ ಅತ್ತೆ ಸೊಸೆ ಬೇಕೆನಿಸಿದಾಗ ಹೊರಡುತ್ತಾರೆ. ಮೊನ್ನೆ ನಾನು ಬಸ್ಸಿನಲ್ಲಿ ಕಚೇರಿಗೆ ಹೋಗುತ್ತಿದ್ದಾಗ ನಮ್ಮ ಕಾರು ಪಕ್ಕದಲ್ಲೇ ಬಸ್ಸನ್ನು ದಾಟಿತು. ಆಯಿ ಕಿಟಕಿಯಿಂದ ನನ್ನನ್ನು ನೋಡಿ, ಸುಮನಾಳತ್ತ ತಿರುಗಿ ಏನೋ ಹೇಳಿದಳು. ಇಬ್ಬರೂ ನಕ್ಕರು. ಪಕ್ಕದಲ್ಲಿ ಕೂತಿದ್ದ ಪರಿಚಯದವರು, "ಅದು ನಿಮ್ಮ ಕಾರು ಅಲ್ದಾ? ಪೆಟ್ರೋಲಾ, ಡೀಸೆಲಾ?" ಎಂದು ಕೇಳಿದರು.

"ಹೆಂಡತಿದು," ಅಂದೆ.