ಮೂರು ಡಬ್ಬಿ, ಒಂದೊಂದು ಹನಿ

ಜಗತ್ತಿನ ಯಾವ ಲವಣವನ್ನಾದರೂ ನನ್ನ ಮುಂದೆ ತಂದಿಡಿ, ಹತ್ತು ನಿಮಿಷದಲ್ಲಿ ಅದರ ಜಾತಕ ಹೇಳುತ್ತೇನೆ! ಇಪ್ಪತ್ತೆರಡು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದವನಿಗೆ ಅಡುಗೆಮನೆಯ ಮೂರು ಡಬ್ಬಿ ಯಾವ ಲೆಕ್ಕ?

ಆ ಭಾನುವಾರ ಡಬ್ಬಿ ತೊಳೆಯುವ ಉತ್ಸಾಹದಲ್ಲಿ ಅವುಗಳ ಹೆಸರಿನ ಚೀಟಿಗಳನ್ನೂ ತೊಳೆದುಹಾಕಿದವನು ನಾನೇ. ಒಂದರಲ್ಲಿ ಪುಡಿ ಸಕ್ಕರೆ, ಒಂದರಲ್ಲಿ ಉಪ್ಪು, ಇನ್ನೊಂದರಲ್ಲಿ ಅಡುಗೆ ಸೋಡಾ. ಮೂರೂ ಬೆಳ್ಳಗೆ, ಮೂರೂ ನುಣ್ಣಗೆ. ನಾಲ್ಕು ಗಂಟೆಗೆ ಅತ್ತೆ ಚಹಾಕ್ಕೆ ಬರುವವರಿದ್ದರು.

“ನಾಲಿಗೆ ತುದಿಗೆ ಇಟ್ಟು ನೋಡ್ರೀ,” ಎಂದಳು ಸ್ನಾನಕ್ಕೆ ಹೊರಟಿದ್ದ ಹೆಂಡತಿ.

“ಗುರುತಿಲ್ಲದ್ದನ್ನ ನಾಲಿಗೆಗೆ ಇಡಬಾರದು ಕಣೇ, ಪ್ರಯೋಗಾಲಯದ ಮೊದಲ ಪಾಠ. ನಿನಗೇನು ಗೊತ್ತು, ನೀನು ನಲ್ಲಿ ನೀರಿನವಳು.”

ಇದಕ್ಕೊಂದು ಕಥೆಯಿದೆ. ನಾವಿಬ್ಬರೂ ಒಂದೇ ತರಗತಿಯಲ್ಲಿ ಓದಿದವರು. ಪರೀಕ್ಷೆಯ ದಿನ ಅವಳು ಬಟ್ಟಿ ಇಳಿಸಿದ ನೀರು ಬಿಟ್ಟು ನಲ್ಲಿ ನೀರಿನಲ್ಲಿ ಲವಣ ಕರಗಿಸಿ, ಇಲ್ಲದ ಕ್ಲೋರೈಡನ್ನು ಇದೆ ಎಂದು ಬರೆದು ಹತ್ತು ಅಂಕ ಕಳೆದುಕೊಂಡಿದ್ದಳು. ಮದುವೆಯಾದಂದಿನಿಂದ ಈ ಕಥೆ ಕೇಳದೆ ಹೋದ ನೆಂಟರಿಲ್ಲ. ಅತ್ತೆಯಂತೂ ಪ್ರತಿ ಸಲ ತಾವೇ ಕೇಳಿ ಹೇಳಿಸಿಕೊಂಡು ನಗುತ್ತಾರೆ.

ಕಾಲೇಜಿನಿಂದ ತಂದಿದ್ದ ಸಿಲ್ವರ್ ನೈಟ್ರೇಟಿನ ಪುಟ್ಟ ಸೀಸೆ ತೆಗೆದೆ. ಮೂರು ಲೋಟಗಳಲ್ಲಿ ಮೂರು ಚಿಟಿಕೆ ಕರಗಿಸಿ ಒಂದೊಂದು ಹನಿ ಬಿಟ್ಟೆ. ಉಪ್ಪಿದ್ದರೆ, ಅಂದರೆ ಕ್ಲೋರೈಡ್ ಇದ್ದರೆ, ನೀರು ಬೆಳ್ಳಗೆ ಕದಡಬೇಕು. ಮೊದಲನೆಯದು ಕದಡಿತು. ಎರಡನೆಯದೂ. ಮೂರನೆಯದೂ! ಎರಡು ಸ್ವಲ್ಪ ತೆಳುವಾಗಿದ್ದವು, ನಿಜ. ಆದರೆ ಬಿಳಿ ಬಿಳಿಯೇ ತಾನೆ?

ಅಂಗಡಿಯವನಿಗೆ ಫೋನ್ ಮಾಡಿ ದಬಾಯಿಸಿದೆ. “ಸಕ್ಕರೆ ಅಂತ ಉಪ್ಪು ಕೊಡ್ತೀಯೇನಯ್ಯಾ?”

“ಬಾಯಿಗೆ ಹಾಕಿ ನೋಡಿದ್ರಾ ಸಾರ್?”

ಇವನೂ ಅವಳ ಪಕ್ಷವೇ! ಫೋನಿಟ್ಟೆ. ಒಂದೇ ಪದಾರ್ಥಕ್ಕೆ ಮೂರು ಡಬ್ಬಿ ಯಾಕೆಂದು ಎಲ್ಲವನ್ನೂ ಒಂದು ದೊಡ್ಡ ಡಬ್ಬಿಗೆ ಸುರಿದು, ‘ಉಪ್ಪು’ ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದು ಅಂಟಿಸಿದೆ.

ಸ್ನಾನ ಮುಗಿಸಿ ಬಂದವಳು ಡಬ್ಬಿ ನೋಡಿದಳು, ಲೋಟಗಳನ್ನು ನೋಡಿದಳು, ಕೊನೆಗೆ ನನ್ನನ್ನು ನೋಡಿದಳು.

“ಯಾವ ನೀರು ಹಾಕಿದ್ರಿ?”

ನನ್ನ ಕಣ್ಣು ನಲ್ಲಿಯ ಕಡೆ ಹೋಯಿತು. ಅವಳು ಲೋಟದಲ್ಲಿ ಬರೀ ನಲ್ಲಿ ನೀರು ಹಿಡಿದು ಒಂದು ಹನಿ ಬಿಟ್ಟಳು. ಅದೂ ಬೆಳ್ಳಗೆ ಕದಡಿತು. ನಲ್ಲಿ ನೀರಿನಲ್ಲೇ ಕ್ಲೋರೈಡ್ ಇರುತ್ತದೆಂದು ವರ್ಷ ವರ್ಷವೂ ವಿದ್ಯಾರ್ಥಿಗಳಿಗೆ ಕೂಗಿ ಹೇಳುವವನು ನಾನೇ. ನನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿತ್ತು, ಇಷ್ಟು ವರ್ಷ ನಾನು ಅವಳ ಎಲೆಯ ನೊಣ ತೋರಿಸುತ್ತಿದ್ದೆ.

ಅಷ್ಟರಲ್ಲಿ ಅತ್ತೆ ಬಂದೇಬಿಟ್ಟರು. ಸಿಲ್ವರ್ ನೈಟ್ರೇಟ್ ತಾಗಿ ಕಪ್ಪಾಗತೊಡಗಿದ್ದ ಬೆರಳುಗಳನ್ನು ಜೇಬಿನಲ್ಲಿ ಬಚ್ಚಿಟ್ಟು ಕೂತೆ.

ಅತ್ತೆ ಒಂದು ಗುಟುಕು ಕುಡಿದು ಮುಖ ಕಿವುಚಿದರು. “ಇದೇನೇ, ಚಹಾಕ್ಕೆ ಸಕ್ಕರೆನೇ ಹಾಕಿಲ್ಲ?” ಆಮೇಲೆ ನನ್ನ ಕಡೆ ತಿರುಗಿದರು. “ಹೋಗ್ಲಿ ಬಿಡಿ ಅಳಿಯಂದ್ರೇ, ಆ ನಲ್ಲಿ ನೀರಿನ ಕಥೆ ಹೇಳಿ. ನಕ್ಕು ಎಷ್ಟು ದಿನ ಆಯ್ತು.”

ಹೆಂಡತಿ ಕುರ್ಚಿ ಎಳೆದುಕೊಂಡು ಅಮ್ಮನ ಪಕ್ಕ ಕೂತಳು.

“ಈ ಸಲ ನಾನು ಹೇಳ್ತೀನಮ್ಮ.”