ಎಡಕ್ಕೆ ಪೂರ್ವ

ಬೆಳಿಗ್ಗೆ ಏಳೂವರೆಗೆ ಹೆಂಡತಿಯ ತಮ್ಮನ ಫೋನು ಬಂದಾಗ ಭೂಗೋಳದ ಮೇಷ್ಟ್ರು ಒಂದು ಕೆನ್ನೆ ಬೋಳಿಸಿಕೊಂಡು, ಇನ್ನೊಂದಕ್ಕೆ ಸೋಪು ಹಚ್ಚಿಕೊಂಡು ನಿಂತಿದ್ದರು. ಸೋಪಿಲ್ಲದ ಕಡೆಯ ಕಿವಿಗೆ ಹೆಂಡತಿ ಫೋನು ಹಿಡಿದಳು.

"ಭಾವ, ಅಕ್ಕ ನಿಮ್ಮ ವಿಡಿಯೋ ಕಳಿಸಿದ್ಲು. ಈಗ ನೋಡಿ ಮುಗಿಸ್ದೆ. ಚೆನ್ನಾಗಿದೆ. ಒಂದು ಸಣ್ಣ ಅನುಮಾನ."

"ಕೇಳಪ್ಪ."

"ನಿಮ್ಮ ಯೂನಿವರ್ಸಿಟಿ ಕಡೆ ಸೂರ್ಯ ಪಶ್ಚಿಮದಲ್ಲಿ ಹುಟ್ತಾನಾ?"

ಭಾವಮೈದುನ ಸರ್ವೇಯರು. ಊರವರ ಬೇಲಿ ಅಳೆದೂ ಅಳೆದೂ, ಗೆರೆ ಒಂದು ಗೇಣು ಆಚೀಚೆಯಾದರೆ ಅನ್ನದಲ್ಲಿ ಕಲ್ಲು ಸಿಕ್ಕವನಂತೆ ಮುಖ ಮಾಡುವವನು. ತಮಾಷೆ ಇರಬೇಕೆಂದು ಮೇಷ್ಟ್ರು ನಕ್ಕರು. ಆ ಕಡೆಯಿಂದ ನಗು ಬರಲಿಲ್ಲ.

"ಮೂರನೇ ನಿಮಿಷ ನೋಡಿ ಭಾವ. ನಕ್ಷೆಯ ಎಡಗಡೆ ಪೂರ್ವ ಅಂತ ಬರೆದಿದ್ದೀರಿ. ಆಮೇಲೆ ಹತ್ತೊಂಬತ್ತು ನಿಮಿಷ ಅದನ್ನೇ ಹಿಡ್ಕೊಂಡು ಪಾಠ ಮಾಡಿದ್ದೀರಿ. ನಾನು ಹೀಗೆ ಅಳೆದ್ರೆ ಜನ ನನ್ನನ್ನ ಕಂಬಕ್ಕೆ ಕಟ್ತಾರೆ."

ಮೇಷ್ಟ್ರು ಸೋಪಿನ ಮುಖದಲ್ಲೇ ವಿಡಿಯೋ ತೆರೆದರು. ಇಷ್ಟು ದಿನ ಅದನ್ನು ಅವರು ನೋಡಿರಲಿಲ್ಲ. ತಮ್ಮ ದನಿಯನ್ನು ತಾವೇ ಕೇಳಿಸಿಕೊಳ್ಳುವ ಧೈರ್ಯ ಅವರಿಗಿರಲಿಲ್ಲ. ಮೂರನೇ ನಿಮಿಷದಲ್ಲಿ ಇಸ್ತ್ರಿ ಅಂಗಿಯ ಮೇಷ್ಟ್ರು ಮೇಲೆ ಉತ್ತರ, ಕೆಳಗೆ ದಕ್ಷಿಣ, ಎಡಕ್ಕೆ ಪೂರ್ವ, ಬಲಕ್ಕೆ ಪಶ್ಚಿಮ ಎಂದು ದುಂಡಗೆ ಬರೆದು, ಕ್ಯಾಮೆರಾ ನೋಡಿ ಮುಗುಳ್ನಕ್ಕರು.

ಹನ್ನೊಂದು ವರ್ಷ ಕರಿಹಲಗೆಯ ಮೇಲೆ ಬರೆಯುವಾಗ ಆ ಕೈ ಒಮ್ಮೆಯೂ ತಪ್ಪಿರಲಿಲ್ಲ. ತಪ್ಪಿದ್ದು ಸ್ಟುಡಿಯೋದಲ್ಲಿ. ಪ್ರತಿಯೊಬ್ಬ ಉಪನ್ಯಾಸಕರೂ ಒಂದು ಪಾಠವನ್ನು ವಿಡಿಯೋ ಮಾಡಿಸಿ ವಿಶ್ವವಿದ್ಯಾಲಯದ 'ಪಾಠಕೋಶ' ಎಂಬ ಜಾಲತಾಣಕ್ಕೆ ಏರಿಸಬೇಕೆಂದು ನಾಲ್ಕು ತಿಂಗಳ ಹಿಂದೆ ಆದೇಶ ಬಂದಿತ್ತು. ಎರಡು ಗಂಟೆಯ ತರಬೇತಿಯಲ್ಲಿ ಹೇಳಿಕೊಟ್ಟದ್ದು ಒಂದೇ ಮಾತು: ಕ್ಯಾಮೆರಾಕ್ಕೆ ಬೆನ್ನು ಹಾಕಬೇಡಿ. ಬೆನ್ನು ಹಾಕದೆ, ಏಡಿಯ ಹಾಗೆ ಅಡ್ಡಡ್ಡ ನಿಂತು ಬರೆಯುವಾಗ ದಿಕ್ಕು ತಿರುಗಿತ್ತು. ತರಗತಿಯಲ್ಲಾಗಿದ್ದರೆ ಮುಂದಿನ ಬೆಂಚಿನವರು "ಸಾರ್" ಎಂದು ತಡೆಯುತ್ತಿದ್ದರು. ಸದ್ದಡಗಿಸಲು ಸ್ಪಂಜು ಬಡಿದ ಆ ನಾಲ್ಕು ಗೋಡೆಯೊಳಗೆ ತಡೆಯುವವರಿರಲಿ, ಆಕಳಿಸುವವರೂ ಇರಲಿಲ್ಲ.

ವಿಡಿಯೋದ ಕೆಳಗೆ ಮುನ್ನೂರ ಹದಿನೆಂಟು ಕಾಮೆಂಟುಗಳಿದ್ದವು. "ಸಾರ್, ಪೂರ್ವ ಬಲಕ್ಕಲ್ವಾ?" ಎಂಬ ಮೊದಲನೆಯದನ್ನೂ, "ಸಾರ್ ನಕ್ಷೆಯ ಹಿಂದೆ ನಿಂತು ನೋಡ್ತಿರಬೇಕು ಕಣೋ" ಎಂಬ ಎರಡನೆಯದನ್ನೂ ಓದಿ ಮೇಷ್ಟ್ರು ಕೆಂಡ ಮುಟ್ಟಿದವರಂತೆ ಫೋನು ಕೆಳಗಿಟ್ಟರು.

ಬೇರೆ ದಿನವಾಗಿದ್ದರೆ ನುಂಗಿಕೊಳ್ಳಬಹುದಿತ್ತು. ಅಂದು ಮಧ್ಯಾಹ್ನ ಮೂರಕ್ಕೆ ಬೋಧನಾ ತಂತ್ರಜ್ಞಾನ ಮೇಳ. ಆರುನೂರ ನಲವತ್ತು ವಿಡಿಯೋಗಳಲ್ಲಿ ಮೂರನ್ನು ಆರಿಸಿದ್ದರು. ಅವುಗಳಲ್ಲಿ ಇವರದೂ ಒಂದು. ಎಲ್ಲ ಕಾಲೇಜುಗಳ ಅಧ್ಯಾಪಕರೆದುರು ಆಳೆತ್ತರದ ಪರದೆಯ ಮೇಲೆ ಅದು ಪಾಠಕೋಶದಿಂದಲೇ ಓಡಲಿತ್ತು. ಮೇಷ್ಟ್ರು ತಾತ್ಕಾಲಿಕ ಉಪನ್ಯಾಸಕರು. ಅವರ ಕೆಲಸ ವರ್ಷವರ್ಷವೂ ನವೀಕರಣವಾಗಬೇಕು. ಈ ವರ್ಷದ ಆದೇಶ ಕುಲಪತಿಗಳ ಮೇಜಿನ ಮೇಲಿತ್ತು. "ಮೇಳ ಮುಗೀಲಿ, ಸಹಿ ಹಾಕ್ತೀನಿ" ಎಂದಿದ್ದರು ಅವರು. ಪೂರ್ವ ಯಾವುದೆಂದು ಗೊತ್ತಿಲ್ಲದ ಭೂಗೋಳದ ಮೇಷ್ಟ್ರಿಗೆ ಯಾರು ಸಹಿ ಹಾಕುತ್ತಾರೆ?

"ಯಾರೂ ಗಮನಿಸಲ್ಲ ಬಿಡ್ರೀ. ನಾನೂ ಪೂರ್ತಿ ನೋಡ್ದೆ, ನಂಗೇನೂ ಗೊತ್ತಾಗ್ಲಿಲ್ಲ" ಎಂದಳು ಹೆಂಡತಿ.

"ನೀನು ನನ್ನ ಅಂಗಿ ನೋಡ್ದೆ."

"ಅಂಗಿ ಚೆನ್ನಾಗಿತ್ತು" ಎಂದು ಅವಳು ಒಪ್ಪಿಕೊಂಡಳು.

ಒಂಬತ್ತಕ್ಕೆ ಮೇಷ್ಟ್ರು ಬೋಧನಾ ಸಂಪನ್ಮೂಲ ಕೇಂದ್ರದ ಬಾಗಿಲಲ್ಲಿದ್ದರು. ಹಳೆಯ ಉತ್ತರಪತ್ರಿಕೆಗಳ ಗೋದಾಮಿಗೆ ಬಣ್ಣ ಬಳಿದು ಮಾಡಿದ ಕೇಂದ್ರ ಅದು. ಅಲ್ಲಿ ಹದಿನಾರು ಕ್ಯಾಮೆರಾಗಳಿದ್ದವು. ಭೂಗೋಳ ವಿಭಾಗದಲ್ಲಿ ನಾಲ್ಕು ಕುರ್ಚಿಗಳಿದ್ದು ಮೂರು ಖಾಲಿಯಾಗಿ ಆರು ವರ್ಷವಾಗಿತ್ತು. ಈ ಲೆಕ್ಕವನ್ನು ಮೇಷ್ಟ್ರು ಸಿಕ್ಕವರಿಗೆಲ್ಲ ಒಪ್ಪಿಸುತ್ತಿದ್ದರು. ಆದರೆ ಇಂದು ಬೇಡುವ ದಿನ.

"ಒಂದು ಪದ ತಿದ್ದಬೇಕಿತ್ತಮ್ಮ" ಎಂದರು ಮೇಲ್ವಿಚಾರಕಿಗೆ.

ಆಕೆ ಒಳ್ಳೆಯ ಹೆಣ್ಣುಮಗಳು. ವಿಡಿಯೋ ನೋಡಿ ತುಟಿ ಕಚ್ಚಿಕೊಂಡು ನಗು ತಡೆದಳು. "ತಿದ್ದೋಕೆ ಬರಲ್ಲ ಸಾರ್. ಬೇಕಾದ್ರೆ ಇಡೀ ಚಿತ್ರವನ್ನ ಎಡದಿಂದ ಬಲಕ್ಕೆ ಮಗುಚಿ ಹಾಕ್ತೀನಿ. ಪೂರ್ವ ತಾನಾಗೇ ಬಲಗಡೆ ಬರುತ್ತೆ."

ಮಗುಚಿದಳು. ಪೂರ್ವ ಬಲಕ್ಕೆ ಬಂತು. ಜೊತೆಗೆ ಮೇಷ್ಟ್ರು ಎಡಚರಾದರು, ಅಂಗಿಯ ಜೇಬು ಬಲ ಎದೆಗೆ ಹೋಯಿತು, ಅಕ್ಷರಗಳೆಲ್ಲ ಹಿಂದುಮುಂದಾಗಿ, ಹೆದರಿದ ಕುರಿಗಳಂತೆ ಬಂದ ದಾರಿಗೆ ತಿರುಗಿ ನಿಂತವು.

"ಕನ್ನಡಿಯಲ್ಲಿ ಓದಿಕೊಳ್ಳಿ ಅಂತ ಕೆಳಗೊಂದು ಸೂಚನೆ ಹಾಕೋಣ್ವಾ?"

"ಬೇಡಮ್ಮ. ಹೊಸದಾಗಿ ಮಾಡಿಬಿಡೋಣ."

"ಮಾಡ್ಬಹುದು. ಆದ್ರೆ ಹಳೇದನ್ನ ತೆಗೆಯೋಕೆ ನಮೂನೆ ಒಂಬತ್ತು ತುಂಬ್ಬೇಕು. ವಿಷಯತಜ್ಞರ ಸಹಿ ಬೇಕು." ಪಟ್ಟಿ ನೋಡಿದಳು. "ಭೂಗೋಳಕ್ಕೆ ಒಬ್ಬರೇ ಇರೋದು. ನೀವೇ."

"ಕೊಡಿ ಹಾಗಾದ್ರೆ, ಹಾಕ್ತೀನಿ."

"ನಿಮ್ಮ ತಪ್ಪಿಗೆ ನೀವೇ ತಜ್ಞರಾಗೋ ಹಾಗಿಲ್ಲ ಸಾರ್."

"ತಪ್ಪು ಮಾಡೋವಾಗ ಯಾರ ಸಹಿಯೂ ಬೇಕಾಗಿರಲಿಲ್ವಲ್ಲ."

"ಅದಕ್ಕೆ ನಮೂನೆ ಇಲ್ಲ ಸಾರ್" ಎಂದಳು ಆಕೆ, ಬಹಳ ಮರ್ಯಾದೆಯಿಂದ.

ನಮೂನೆ ಹಿಡಿದು ಮೇಷ್ಟ್ರು ಅಧ್ಯಾಪಕರ ಕೊಠಡಿಗೆ ಬರುವಷ್ಟರಲ್ಲಿ ಸುದ್ದಿ ಅವರಿಗಿಂತ ಮೊದಲೇ ಬಂದು ಕುಳಿತಿತ್ತು. ಇತಿಹಾಸದ ಮೇಡಂ ಫೋನನ್ನು ತಲೆಕೆಳಗಾಗಿ ಹಿಡಿದು ಪರೀಕ್ಷಿಸುತ್ತಿದ್ದರು. "ಹೀಗೆ ಹಿಡಿದ್ರೆ ಪೂರ್ವ ಬಲಕ್ಕೇ ಬರುತ್ತೆ ನೋಡಿ. ನೀವು ಮಾತ್ರ ಜೋತಾಡ್ತೀರ."

ವಾಣಿಜ್ಯದವರು ಬಿಸ್ಕತ್ತು ಅದ್ದುತ್ತ, "ಪ್ರದರ್ಶನದ ಹೊತ್ತಿಗೆ ಕರೆಂಟು ಹೋಗೋ ಹಾಗೆ ಮಾಡಿಸ್ಲಾ?" ಎಂದರು. ಆಯ್ಕೆಯಾದ ಇನ್ನೆರಡು ವಿಡಿಯೋಗಳಲ್ಲಿ ಒಂದು ಅವರದೇ. ಅದರಲ್ಲಿ ಪ್ರತಿ ಐದು ನಿಮಿಷಕ್ಕೊಮ್ಮೆ ಚಪ್ಪಾಳೆಯ ಸದ್ದು ಸೇರಿಸಿದ್ದರು.

ತತ್ವಶಾಸ್ತ್ರದವರು ಮಾತ್ರ ಗಂಭೀರವಾಗಿದ್ದರು. "ನೀವ್ಯಾಕೆ ಒದ್ದಾಡ್ತೀರಿ? ಪೂರ್ವ ಅನ್ನೋದು ನಿಂತವನ ಮೇಲೆ ಹೋಗುತ್ತೆ."

"ನಾನು ನಿಂತಿದ್ದು ಸ್ಟುಡಿಯೋದಲ್ಲಿ ಸಾರ್. ನನ್ನ ಕೆಲಸ ನಿಂತಿರೋದು ಈ ಕಾಗದದ ಮೇಲೆ. ಒಂದು ಸಹಿ ಹಾಕಿ."

"ನಾನಾ? ನಾನು ಭೂಗೋಳದವನಲ್ಲ."

"ಅದರಲ್ಲಿ 'ವಿಷಯತಜ್ಞ' ಅಂತಿದೆ. ಯಾವ ವಿಷಯ ಅಂತಿಲ್ಲ."

ತತ್ವಶಾಸ್ತ್ರದವರು ಕನ್ನಡಕ ಏರಿಸಿ ನಮೂನೆಯನ್ನು ಎರಡು ಸಲ ಓದಿದರು. ದೇಶ, ಕಾಲ ಎರಡೂ ತಮ್ಮ ಶಾಸ್ತ್ರದೊಳಗೇ ಬರುತ್ತವೆ ಎಂದು ಮುಕ್ಕಾಲು ಗಂಟೆ ವಿವರಿಸಿ, ಸಹಿ ಹಾಕಿದರು. ಅಷ್ಟರಲ್ಲಿ ಮೇಷ್ಟ್ರ ಹನ್ನೊಂದರ ತರಗತಿ ತಪ್ಪಿತು. "ಇಂದು ವಿಡಿಯೋ ನೋಡಿಕೊಳ್ಳಿ" ಎಂದು ವಿದ್ಯಾರ್ಥಿಗಳಿಗೆ ಸಂದೇಶ ಬರೆದವರು, ಕಳಿಸುವ ಮೊದಲು ಬೆಚ್ಚಿ ಅಳಿಸಿದರು.

ಕೇಂದ್ರಕ್ಕೆ ಮರಳಿದರೆ ಸ್ಟುಡಿಯೋ ಖಾಲಿ. ದೀಪ, ಹಲಗೆ, ಹಿಂದಿನ ನೀಲಿ ಪರದೆ, ಎಲ್ಲವನ್ನೂ ಮೇಳದ ಮಳಿಗೆಗೆ ಹೊತ್ತೊಯ್ದಿದ್ದರು. ಉಳಿದದ್ದು ಒಂದು ಕ್ಯಾಮೆರಾ ಮತ್ತು ಗೋಡೆಯ ಸ್ಪಂಜು. ಮೇಲ್ವಿಚಾರಕಿ ಹಳೆಯ ಕ್ಯಾಲೆಂಡರುಗಳ ಬೆನ್ನನ್ನು ಅಂಟಿಸಿ ಹಲಗೆ ಮಾಡಿಕೊಟ್ಟಳು. ಮತ್ತೆ ದಿಕ್ಕು ತಪ್ಪದಿರಲೆಂದು ನೋಡುವವರಿಗೆ ಬಲಕ್ಕೆ ಕಾಣುವ ಮೇಷ್ಟ್ರ ಎಡ ಮುಂಗೈಗೆ ಉದ್ಘಾಟನೆಯ ಕೆಂಪು ರಿಬ್ಬನ್ನಿನ ತುಂಡು ಕಟ್ಟಿದಳು.

"ಪೂರ್ವ ಎಲ್ಲಿ ಸಾರ್?"

"ರಿಬ್ಬನ್ ಕಡೆ."

ಊಟವಿಲ್ಲದೆ, ಫ್ಯಾನಿಲ್ಲದೆ, ಇಪ್ಪತ್ತೆರಡು ನಿಮಿಷದ ಪಾಠವನ್ನು ಮೇಷ್ಟ್ರು ಒಂದೇ ಉಸಿರಿಗೆ ಮುಗಿಸಿದರು. ಈ ಸಲ ನಗಲಿಲ್ಲ. ಪಾಠ ಮುಗಿದ ಮೇಲೂ ಸ್ವಲ್ಪ ಹೊತ್ತು ಹಾಗೇ ನಿಂತಿದ್ದರು. ಯಾರಾದರೂ ಏನಾದರೂ ಕೇಳಬಹುದೆಂದು ಕಾಯುವುದು ಹನ್ನೊಂದು ವರ್ಷದ ಅಭ್ಯಾಸ. ಸ್ಪಂಜು ಏನೂ ಕೇಳಲಿಲ್ಲ.

ಎರಡೂ ಮುಕ್ಕಾಲಿಗೆ ಮೇಲ್ವಿಚಾರಕಿಯ ಬೆರಳು ಗುಂಡಿಯ ಮೇಲಿತ್ತು. "ಸಾರ್, ಹಳೇದು ಹೋದ್ರೆ ಅದರ ಕೆಳಗಿನ ಕಾಮೆಂಟುಗಳೂ ಹೋಗ್ತವೆ. ಪರ್ವಾಗಿಲ್ವಾ?"

"ಮೊದಲು ಅವು ಹೋಗ್ಲಿ ತಾಯಿ" ಎಂದರು ಮೇಷ್ಟ್ರು.

ಸಭಾಂಗಣದಲ್ಲಿ ಅಧ್ಯಾಪಕರು ಕಿಕ್ಕಿರಿದಿದ್ದರು. ಮೇಷ್ಟ್ರು ಮೂರನೇ ಸಾಲಿನಲ್ಲಿ ಕುಳಿತು, ಬೆಳಗಿನಿಂದ ಮೊದಲ ಬಾರಿಗೆ ಬೆನ್ನನ್ನು ಕುರ್ಚಿಗೆ ಒರಗಿಸಿದರು. ತೀರ್ಪುಗಾರರ ಮುಖ್ಯಸ್ಥೆ ಹೊರಗಿನಿಂದ ಬಂದ ಹಿರಿಯ ಪ್ರಾಧ್ಯಾಪಕಿ. ಮೈಕಿನ ಮುಂದೆ ಬಂದು ಸಣ್ಣ ದನಿಯಲ್ಲಿ ಮಾತು ಶುರು ಮಾಡಿದರು.

"ಆರುನೂರ ನಲವತ್ತು ವಿಡಿಯೋ ನೋಡಿದ್ವಿ. ಮುಕ್ಕಾಲು ಪಾಲಿನ ಕೆಳಗೆ ಒಂದು ಪ್ರಶ್ನೆ ಕೂಡ ಇರಲಿಲ್ಲ. ಮಕ್ಕಳು ನೋಡಿದ್ದಾರೆ, ಮರೆತಿದ್ದಾರೆ. ಒಂದೇ ಒಂದು ಪಾಠದ ಕೆಳಗೆ ಮುನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳು ವಾದ ಮಾಡಿದ್ದಾರೆ. ಮಾಳಿಗೆ ಹತ್ತಿ ಸೂರ್ಯ ನೋಡಿ ಬಂದವರಿದ್ದಾರೆ. ನಕ್ಷೆಯನ್ನ ಹಿಂದಿನಿಂದ ನೋಡಿದ್ರೆ ಏನಾಗುತ್ತೆ ಅಂತ ಕಾಗದ ತೂತು ಮಾಡಿ ನೋಡಿದವರಿದ್ದಾರೆ. ಯಾಕೆ ಗೊತ್ತಾ? ಆ ಅಧ್ಯಾಪಕರು ಬೇಕಂತಲೇ ಒಂದು ತಪ್ಪು ಇಟ್ಟಿದ್ದಾರೆ. ಪೂರ್ವವನ್ನ ಎಡಕ್ಕೆ ಬರೆದು, ನಾಲ್ಕು ತಿಂಗಳು ಒಂದು ಮಾತೂ ಆಡದೆ ಕೂತಿದ್ದಾರೆ. ಪಾಠ ಮಾಡೋರಿಗೆ ಎಲ್ಲಕ್ಕಿಂತ ಕಷ್ಟ ಸುಮ್ಮನಿರೋದು. ಮೊದಲ ಬಹುಮಾನ ಆ ಮೌನಕ್ಕೆ."

ಮೇಷ್ಟ್ರ ಬೆನ್ನು ತಾನಾಗಿಯೇ ಕುರ್ಚಿಯಿಂದ ಎದ್ದಿತು.

ಪರದೆ ಬೆಳಗಿತು. ಕ್ಯಾಲೆಂಡರಿನ ಬೆನ್ನು, ಬೆವರಿದ ಮೇಷ್ಟ್ರು, ಮುಂಗೈಯಲ್ಲಿ ಕೆಂಪು ರಿಬ್ಬನ್ನು. ಮೂರನೇ ನಿಮಿಷದಲ್ಲಿ ಪೂರ್ವ, ಲೋಕದ ಎಲ್ಲ ನಕ್ಷೆಗಳಲ್ಲಿರುವಂತೆ, ಬಲಕ್ಕೆ ಬಂದು ಕುಳಿತಿತು. ಕೆಳಗೆ ಕಾಮೆಂಟು: ಸೊನ್ನೆ.

ಪ್ರಾಧ್ಯಾಪಕಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಕುಲಪತಿಗಳು ನಿಧಾನವಾಗಿ ಹಿಂದಕ್ಕೆ ತಿರುಗಿ ಮೂರನೇ ಸಾಲು ಹುಡುಕಿದರು.

"ಎಲ್ರೀ ಆ ತಪ್ಪು?"

ಮೇಷ್ಟ್ರು ಎದ್ದು ನಿಂತರು. "ತಿದ್ದಿದೆ ಸಾರ್."

"ಯಾಕೆ?"

ಬೆಳಗಿನಿಂದ ನುಂಗಿಕೊಂಡದ್ದೆಲ್ಲ ಮೇಷ್ಟ್ರ ಬಾಯಿಗೆ ಬಂತು. "ಯಾಕೆ ಅಂದ್ರೆ ಸಾರ್? ಅದು ತಪ್ಪಿತ್ತು. ಪೂರ್ವ ಬಲಕ್ಕಿರುತ್ತೆ. ಮೇಷ್ಟ್ರು ತಪ್ಪು ಬರೆದ್ರೆ ಅಳಿಸಿ ಸರಿಯಾಗಿ ಬರೀಬೇಕು. ಕರಿಹಲಗೆಗೆ ಅದಕ್ಕೊಂದು ಬಟ್ಟೆ ಸಾಕಾಗ್ತಿತ್ತು. ಇಲ್ಲಿ ನಮೂನೆ ತುಂಬಿ, ತತ್ವಶಾಸ್ತ್ರ ಕೇಳಿ, ಊಟ ಬಿಟ್ಟು ಮಾಡಿದ್ದೀನಿ."

ನಾಲ್ಕು ಸಾಲು ಹಿಂದೆ ತತ್ವಶಾಸ್ತ್ರದವರು ಮೇಲಿನ ಫ್ಯಾನನ್ನು ಧ್ಯಾನಿಸತೊಡಗಿದರು.

"ಹಾಗಾದ್ರೆ ಬೇಕಂತ ಇಟ್ಟಿದ್ದಲ್ವಾ?" ಎಂದು ಪ್ರಾಧ್ಯಾಪಕಿ ಮೆಲ್ಲಗೆ ಕೇಳಿದರು.

ಮೇಷ್ಟ್ರು ಪರದೆಯ ಕಡೆ ನೋಡಿದರು. ಹೌದು ಎಂದುಬಿಟ್ಟರೆ ಎಲ್ಲವೂ ಉಳಿಯಬಹುದಿತ್ತು. "ಅಲ್ಲ ಮೇಡಂ. ಕೈ ತಪ್ಪಿತ್ತು."

ಬಹುಮಾನ ಚಪ್ಪಾಳೆಯ ಸದ್ದಿನ ವಾಣಿಜ್ಯದವರಿಗೆ ಹೋಯಿತು. ಅವರ ವಿಡಿಯೋ ಓಡುವಾಗ ಒಳಗಿನ ಚಪ್ಪಾಳೆ ಯಾವುದು, ಹೊರಗಿನದು ಯಾವುದು ಎಂದು ಯಾರಿಗೂ ತಿಳಿಯಲಿಲ್ಲ.

ಐದು ಗಂಟೆಗೆ ಜವಾನ ಹುಡುಕಿಕೊಂಡು ಬಂದು ಮೇಷ್ಟ್ರ ಕೈಗೆ ಒಂದು ಲಕೋಟೆ ಕೊಟ್ಟ. ನವೀಕರಣದ ಆದೇಶವಿರಬಹುದೆಂದು ಒಳಗೆಲ್ಲೋ ಒಂದು ಆಸೆ. ಬಾಗಿಲ ಬೆಳಕಿಗೆ ಹಿಡಿದು ಓದಿದರು:

"ತಾವು ಸಂಬಂಧಪಡದ ತಜ್ಞರ ಸಹಿ ಪಡೆದು, ವಿಶ್ವವಿದ್ಯಾಲಯದ ಆಸ್ತಿಯಾಗಿದ್ದ ತಪ್ಪನ್ನು ಸರಿಪಡಿಸಿರುತ್ತೀರಿ. ಹೀಗೇಕೆ ಮಾಡಿದಿರಿ ಎಂಬುದಕ್ಕೆ ಮೂರು ದಿನಗಳೊಳಗೆ ಲಿಖಿತ ಸಮಜಾಯಿಷಿ ಸಲ್ಲಿಸತಕ್ಕದ್ದು. ಮುಂದೆ ಇಂಥ ಸರಿ ಕೆಲಸ ಮಾಡುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಡುವವರೆಗೆ ತಮ್ಮ ನವೀಕರಣದ ಆದೇಶವನ್ನು ತಡೆಹಿಡಿಯಲಾಗಿದೆ."